ಕಂಪ್ಯೂಟರಿಗೆ ತಟ್ಟಿದ ಮೈಲಿಗೆ

ನಮ್ಮ ಮನೆಯಲ್ಲಿ ಮುಟ್ಟಿನ ಮೈಲಿಗೆ ಎಂಬುದು ಇರಲಿಲ್ಲ. ಹುನಗುಂದದ ನಮ್ಮ ಓಣಿಯಲ್ಲಿ ನನ್ನ ಗೆಳತಿಯರು ತಿಂಗಳಿಗೆ ಮೂರು ದಿನ ಹಿತ್ತಲ ಬಾಗಿಲ ಹತ್ತಿರ ಗೋಣಿತಟ್ಟಿನ ಮೇಲೆ ಕೂತು ಬೇರೆ ತಾಟಿನಲ್ಲಿ ಉಣ್ಣುತ್ತಿದ್ದರು. ಅದೇ ದಿನಗಳಲ್ಲಿ ನಾನು ಅಡುಗೆಮನೆಯಲ್ಲಿ ಅವ್ವನ ಪಕ್ಕ ಕೂತು ರೊಟ್ಟಿಯ ಹಿಟ್ಟು ನಾದುತ್ತಿದ್ದೆ, ನೀರಿನ ಕೊಡ ಎತ್ತಿಡುತ್ತಿದ್ದೆ, ಬೆಳಿಗ್ಗೆ ಮಿಂದು ಹಣೆಗೆ ವಿಭೂತಿ ಹಚ್ಚಿಕೊಂಡು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೂ ಕೂರುತ್ತಿದ್ದೆ. ಇದಕ್ಕೆಲ್ಲ ಕಾರಣ ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಆಯಿ ಕೂಡಲಸಂಗಮದ ಕಡೆಯ ಹಳ್ಳಿಯವಳು. ಓದು ಬರಹ ಬಾರದು. ಆದರೆ ಲಿಂಗ ಕಟ್ಟಿಕೊಂಡ ಮೈಗೆ ಸೂತಕವಿಲ್ಲ ಎಂಬ ಒಂದು ಮಾತನ್ನು ಆಕೆ ಹಿಡಿದಿದ್ದ ರೀತಿ ಎಂಥದೆಂದರೆ, ನಾನು ದೊಡ್ಡವಳಾದ ದಿನ ನೆರೆಮನೆಯ ಹೆಂಗಸರು ಬಂದು ನನ್ನನ್ನು ಮೂಲೆಯಲ್ಲಿ ಕೂರಿಸಬೇಕೆಂದಾಗ, ನನ್ನ ಕೈ ಹಿಡಿದು ಎಬ್ಬಿಸಿ ಒಲೆಯ ಮುಂದೆ ಕೂರಿಸಿ ಹಾಲು ಕಾಸಲು ಹಚ್ಚಿದವಳು ಆಕೆ. ಆ ಹೆಂಗಸರು ಅದೇ ಹಾಲಿನ ಚಹಾ ಕುಡಿಯದೆ ಎದ್ದು ಹೋದರು. ಆಯಿ ಅದನ್ನೂ ನನಗೇ ಕುಡಿಸಿದಳು. ಹಾಗಾಗಿ ನನ್ನ ಮೈಯ ಬಗ್ಗೆ ನನಗೆ ನಾಚಿಕೆ ಎಂಬುದು ಬಂದಿರಲಿಲ್ಲ. ಅದನ್ನು ನನಗೆ ಕಲಿಸಲು ಹುಬ್ಬಳ್ಳಿಯಿಂದ ಒಂದು ಯಂತ್ರ ಬರಬೇಕಾಯಿತು.

ಊರಿನವರು ನಮ್ಮ ಮನೆಗೆ ಟೈಪಿಂಗ್ ಮನಿ ಎನ್ನುತ್ತಿದ್ದರು. ಪಡಸಾಲೆಯಲ್ಲಿ ನಾಲ್ಕು ಟೈಪ್‌ರೈಟರುಗಳಿದ್ದವು, ಮೂರು ಇಂಗ್ಲಿಷಿನವು, ಒಂದು ಕನ್ನಡದ್ದು. ಬೆಳಿಗ್ಗೆ ಸಂಜೆ ಅಪ್ಪ ಹುಡುಗರಿಗೆ ಟೈಪಿಂಗ್ ಕಲಿಸುತ್ತಿದ್ದರು, ನಡುವೆ ಕೋರ್ಟಿನ ಕಾಗದಗಳ ಕೆಲಸ. ಕೋರ್ಟು ನಮ್ಮ ಮನೆಯಿಂದ ಕೂಗಳತೆಯಲ್ಲಿತ್ತು. ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು, ಬಾವಿಯ ಹಕ್ಕು, ಎಲ್ಲವೂ ನಮ್ಮ ಪಡಸಾಲೆಯಲ್ಲಿ ಮೂರು ಪ್ರತಿಯಾಗಿ ಅಚ್ಚಾಗಿ ಹೋಗುತ್ತಿದ್ದವು. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ, ಹೊರಗೆ ಟೈಪಿನ ಸಪ್ಪಳ. ಎರಡೂ ನಿಂತರೆ ಮಾತ್ರ ಮನೆಯಲ್ಲಿ ಏನೋ ಆಗಿದೆ ಎಂದು ಓಣಿಯವರು ಇಣುಕಿ ನೋಡುತ್ತಿದ್ದರು. ನಾನು ಹತ್ತು ವರ್ಷದವಳಿದ್ದಾಗಲೇ ಕುರ್ಚಿಯ ಮೇಲೆ ದಿಂಬು ಹಾಕಿಕೊಂಡು ಟೈಪು ಹೊಡೆಯಲು ಕಲಿತೆ. ಹದಿಮೂರಕ್ಕೆ ಕನ್ನಡ ಮಷಿನ್ನು ನನ್ನದೇ ಆಗಿಹೋಯಿತು. ವಕೀಲರ ಬರಹ ಓದಿಕೊಂಡು, ತಪ್ಪಿಲ್ಲದೆ, ಕಾರ್ಬನ್ನು ಸರಿಯದಂತೆ ಹೊಡೆಯುವವರು ಮನೆಯಲ್ಲಿ ಇಬ್ಬರೇ, ಅಪ್ಪ ಮತ್ತು ನಾನು. ಕೊನೆಕೊನೆಗೆ ನಾನೊಬ್ಬಳೇ. ಆದರೆ ಕಾಗದದ ಅಡಿಯಲ್ಲಿ ಹೆಸರು ಮಾತ್ರ ಯಾವಾಗಲೂ ಅಪ್ಪನದು. ಊಟಕ್ಕೂ ಅದೇ ಲೆಕ್ಕ. ಅಪ್ಪ, ಕಾಕಾ ಮತ್ತು ಅಣ್ಣ ಮೊದಲು ಉಣ್ಣುತ್ತಿದ್ದರು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಅದರ ಮೇಲೆ ಗಟ್ಟಿ ಮೊಸರಿನ ಕೆನೆ. ಆಮೇಲೆ ನಾವು ಮೂವರು ಹೆಂಗಸರು ಕೂತಾಗ ಮೊಸರಿನಲ್ಲಿ ಕೆನೆ ಇರುತ್ತಿರಲಿಲ್ಲ. ನಾನು ಇದನ್ನು ಎತ್ತಿ ಜಗಳ ತೆಗೆದಾಗಲೆಲ್ಲ ಅವ್ವ ಸುಮ್ಮನೆ ತನ್ನ ತಾಟಿನ ಹಿಂಡಿಯನ್ನು ನನ್ನ ತಾಟಿಗೆ ಸರಿಸುತ್ತಿದ್ದಳು. ಅವ್ವನ ಉತ್ತರಗಳೆಲ್ಲ ಹೀಗೆಯೇ. ಪಡಸಾಲೆಯಲ್ಲಿ ಪರಗಂಡಸರಿದ್ದಾಗ ಆಕೆ ಬಾಯಿ ತೆರೆದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಅಣ್ಣ ಮಲ್ಲಿಕಾರ್ಜುನ ನನಗಿಂತ ನಾಲ್ಕು ವರ್ಷ ದೊಡ್ಡವನು. ಬಾಗಲಕೋಟೆಯಲ್ಲಿ ಬಿಕಾಂ ಮುಗಿಸಿದ್ದ. ಟೈಪಿಂಗಿನ ಕಾಲ ಮುಗಿಯಿತು, ಇನ್ನು ಎಲ್ಲ ಕಂಪ್ಯೂಟರು ಎಂದು ಯಾರೋ ಅವನ ಕಿವಿಯಲ್ಲಿ ಊದಿದರು. ಹುಬ್ಬಳ್ಳಿಗೆ ಹೋಗಿ ಮೂರು ತಿಂಗಳು ಕಲಿತು ಬಂದ. ಬರುವಾಗ ಒಂದು ಬಿಳಿ ಅಂಗಿಯ ಬಟ್ಟೆ, ಒಂದು ಕರೆಂಟಿನ ಇಸ್ತ್ರಿಪೆಟ್ಟಿಗೆ ತಂದ. ಅದರ ಪ್ಲಗ್ಗಿಗೆ ಮೂರು ಕಡ್ಡಿ, ನಮ್ಮ ಹಳೇ ಮನೆಯ ಗೋಡೆಗಳಲ್ಲಿ ಎರಡೇ ತೂತು. ಹೀಗಾಗಿ ಅದು ಟ್ರಂಕಿನ ಮೇಲೆಯೇ ಕೂತಿತು. ಮುಂದೆ ಒಂದು ತಿಂಗಳಿಗೆ ಅಣ್ಣನೂ ಕಾಕಾನೂ ಹುಬ್ಬಳ್ಳಿಯ ಯಾವುದೋ ಆಫೀಸಿನವರು ಮಾರಿದ ಹಳೇ ಕಂಪ್ಯೂಟರನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಅಣ್ಣನ ತೊಡೆಯ ಮೇಲೆ ಟೀವಿಯಂಥದು, ಕಾಕಾನ ತೊಡೆಯ ಮೇಲೆ ಡಬ್ಬಿಯಂಥದು, ಎರಡಕ್ಕೂ ರಜಾಯಿ ಸುತ್ತಿತ್ತು. ಅದಕ್ಕೆ ಧೂಳು ಬಡಿಯಬಾರದೆಂದು ಕೋಣೆ ಬೇಕಾಯಿತು. ಮನೆಯಲ್ಲಿ ಇದ್ದದ್ದು ಒಂದೇ ಕೋಣೆ, ಆಯಿಯದು. ಇಪ್ಪತ್ತು ವರ್ಷ ಮಲಗಿದ ಜಾಗದಿಂದ ಆಯಿಯ ಹಾಸಿಗೆ ಎತ್ತಿ ಪಡಸಾಲೆಯ ಮೂಲೆಗೆ ಹಾಕಿದರು. ಯಾರೂ ಆಕೆಯನ್ನು ಕೇಳಲಿಲ್ಲ. ಕೋಣೆಗೆ ಸುಣ್ಣ ಬಳಿದರು, ಹೊಸ ಪರದೆ ಕಟ್ಟಿದರು, ಗೋಡೆಯಲ್ಲಿ ಮೂರು ತೂತಿನ ಹೊಸ ಬೋರ್ಡು ಕೂರಿಸಿದರು. ಕರೆಂಟು ಏರಿಳಿದರೆ ಯಂತ್ರ ಕೆಡಬಾರದೆಂದು ನಡುವೆ ಸ್ಟೆಬಿಲೈಜರು ಎಂಬ ಕಬ್ಬಿಣದ ಪೆಟ್ಟಿಗೆ ಇಟ್ಟರು. ಅದರ ವೈರು ಗೋಡೆಗೆ, ಕಂಪ್ಯೂಟರಿನ ವೈರು ಅದಕ್ಕೆ. ಚಪ್ಪಲಿ ಹೊರಗೆ, ಕೈ ತೊಳೆದು ಒಳಗೆ. ಇಷ್ಟರವರೆಗೆ ಒಪ್ಪಿಕೊಳ್ಳೋಣ.

ಕಾಕಾ ಅಂದರೆ ಅಪ್ಪನ ತಮ್ಮ. ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಕೂತು ಬಾಂಡು ಬರೆಯುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಊಟ ನಮ್ಮಲ್ಲೇ. ಯಂತ್ರವನ್ನು ಕೋಣೆಯಲ್ಲಿ ಕೂರಿಸಿದ ಸಂಜೆ ಆತ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನನ್ನ ಕಡೆ ನೋಡದೆ ಅವ್ವನಿಗೆ ಹೇಳಿದ.

"ವೈನಿ, ಒಂದು ಮಾತು. ಹೊರಗಾದಾಗ ಹೆಣ್ಣಮಕ್ಕಳು ಆ ಖೋಲಿಯೊಳಗ ಕಾಲಿಡೂದು ಬ್ಯಾಡ. ಅದು ಭಾಳ ಸೂಕ್ಷ್ಮ ಮಷಿನ್ ಐತಿ."

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಪಡಸಾಲೆಯ ಮೂಲೆಯಿಂದ ಆಯಿ ಕೇಳಿದಳು.

"ಎದಿ ಮ್ಯಾಲಿನ ಲಿಂಗಕ್ಕ ಆಗದ ಮೈಲಿಗಿ ನಿನ್ನ ಡಬ್ಬಿಗೆ ಆಗತೈತೇನೋ?"

"ಯವ್ವಾ, ನಿನಗ ತಿಳಿಯಂಗಿಲ್ಲ. ಇದು ವಿಜ್ಞಾನ."

ಕಾಕಾ ಹಾಗೆಂದು ನಕ್ಕ. ಅಪ್ಪ ಅಲ್ಲೇ ಕೂತು ಟೈಪ್‌ರೈಟರಿನ ರಿಬ್ಬನ್ನು ಬದಲಿಸುತ್ತಿದ್ದರು. ತಾಯಿಯ ಮಾತಿಗೆ ಹೌದೆನ್ನಲಿಲ್ಲ, ತಮ್ಮನ ಮಾತಿಗೆ ಅಲ್ಲವೆನ್ನಲಿಲ್ಲ. ಮೂರು ತಲೆಮಾರು ಮನೆಯೊಳಗೆ ಕಾಲಿಡದಿದ್ದ ಪದ್ಧತಿ ಹೀಗೆ ಒಂದು ಸಂಜೆ ರಜಾಯಿಯಲ್ಲಿ ಸುತ್ತಿಕೊಂಡು ಬಂದು ಆಯಿಯದೇ ಕೋಣೆಯಲ್ಲಿ ಕೂತಿತು. ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಆ ನೇಮವನ್ನು ನಾನು ಪಾಲಿಸಲಿಲ್ಲ. ಪಾಲಿಸಬೇಕೆಂದು ನನಗೆ ಅನ್ನಿಸಲೂ ಇಲ್ಲ. ಅಣ್ಣನಿಗೆ ಕಲಿಸುವ ಉಮೇದು ಇತ್ತು, ಓದುವ ಉಮೇದು ಇರಲಿಲ್ಲ. ಯಂತ್ರದ ಜತೆ ಬಂದ ದಪ್ಪ ಇಂಗ್ಲಿಷ್ ಪುಸ್ತಕವನ್ನು ಅವನು ಬಿಚ್ಚಲೇ ಇಲ್ಲ. ನಾನು ಅಪ್ಪನ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ನಾಲ್ಕು ಪುಟ ಓದಿದೆ. ಪರದೆಯ ಮೇಲೆ ಹಸಿರು ಅಕ್ಷರ ಮೂಡುವುದು, ತಪ್ಪಾದರೆ ಅಳಿಸಿ ಅದೇ ಜಾಗದಲ್ಲಿ ಮತ್ತೆ ಹೊಡೆಯಬಹುದೆಂಬುದು ನನಗೆ ಎಷ್ಟು ಸೋಜಿಗವಾಗಿತ್ತೆಂದರೆ, ಟೈಪ್‌ರೈಟರಿನಲ್ಲಿ ಒಂದು ತಪ್ಪಿಗೆ ಮೂರು ಹಾಳೆ ಹರಿದ ದಿನಗಳೆಲ್ಲ ನೆನಪಾಗಿ ಸಿಟ್ಟೇ ಬರುತ್ತಿತ್ತು. ಪುಸ್ತಕದ ಕೊನೆಯಲ್ಲಿ ಒಂದು ಪುಟವಿತ್ತು, ಯಂತ್ರ ಶುರುವಾಗದಿದ್ದರೆ ಏನು ಮಾಡಬೇಕು ಎಂಬುದು. ಅದನ್ನೂ ಓದಿದ್ದೆ. ಅದರಲ್ಲಿ ಪ್ಲಗ್ಗು, ವೈರು, ಫ್ಯೂಜಿನ ಮಾತಿತ್ತು. ಹೆಂಗಸರ ಮಾತು ಎಲ್ಲೂ ಇರಲಿಲ್ಲ. ಸೋಮವಾರ ಅಣ್ಣನ ಕಂಪ್ಯೂಟರ್ ಕ್ಲಾಸಿನ ಉದ್ಘಾಟನೆ ಎಂದು ಗೊತ್ತುಮಾಡಿದ್ದರು. ರವಿವಾರ ಸಂಜೆ ಅಣ್ಣನಿಗೆ ಹೇಳಿಯೇ ಒಂದು ತಾಸು ಕೂತು ಟೈಪು ಮಾಡಿದೆ. ಯಂತ್ರ ಚೆನ್ನಾಗಿ ನಡೆಯಿತು. ಬಂದ್ ಮಾಡಿ, ಮೇಲೆ ಬಟ್ಟೆ ಹೊದಿಸಿ ಎದ್ದು ಬಂದೆ. ಅದು ನನ್ನ ಮುಟ್ಟಿನ ಎರಡನೆಯ ದಿನ.

ಮರುದಿನ ಬೆಳಿಗ್ಗೆ ಕೋಣೆಯ ಪರದೆ ಸರಿಸಿ, ಒಳಗಿನ ಯಂತ್ರ ಕಾಣುವಂತೆ ಪಡಸಾಲೆಗೆ ಜಮಖಾನೆ ಹಾಸಿದರು. ನಾನು ಶಾಲೆಯಲ್ಲಿ ಓದಿದಾಗ ಹೆಡ್‌ಮಾಸ್ತರಾಗಿದ್ದವರು, ಅಪ್ಪನಿಗೆ ಕೆಲಸ ಕೊಡುವ ಒಬ್ಬ ಹಿರಿಯ ವಕೀಲರು, ಕ್ಲಾಸಿಗೆ ಹೆಸರು ಹಚ್ಚಿದ ಎಂಟು ಹುಡುಗರು, ಅವರಲ್ಲಿ ಕೆಲವರ ತಂದೆಯಂದಿರು ಬಂದರು. ಯಂತ್ರಕ್ಕೆ ವಿಭೂತಿ ಹಚ್ಚಿ ಸೇವಂತಿಗೆ ಹಾಕಿದರು, ಹೆಡ್‌ಮಾಸ್ತರು ಕಾಯಿ ಒಡೆದರು. ಅಣ್ಣ ಹೊಸ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ. ಅದರ ಬಲ ತೋಳು, ಬಲ ಎದೆ ಗರಿಗರಿಯಾಗಿದ್ದವು. ಎಡಗಡೆ ಮುದುಡಿಕೊಂಡಿತ್ತು. ನಾನು ಅಡುಗೆಮನೆಯ ಬಾಗಿಲ ಮರೆಯಿಂದ ಅದನ್ನು ನೋಡಿ, ಇವನೇನು ಅರ್ಧ ಇಸ್ತ್ರಿ ಮಾಡಿದ್ದಾನೆ ಎಂದುಕೊಂಡದ್ದು ನೆನಪಿದೆ. ಅಣ್ಣ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಒಳಗಿನ ಫ್ಯಾನು ತಿರುಗಲಿಲ್ಲ, ಯಂತ್ರದ ದೀಪ ಹತ್ತಲಿಲ್ಲ. ಗೋಡೆಯ ಸ್ವಿಚ್ಚು ಹಾಕಿ ತೆಗೆದು ಮಾಡಿದ. ಯಂತ್ರದ ಬೆನ್ನು ಬಡಿದ. ಹುಡುಗರಲ್ಲಿ ಒಬ್ಬ ನಕ್ಕ, ಅವನ ತಂದೆ ಗದರಿಸಿದರು. ಬೆವರು ಇಳಿಸುತ್ತ ಅಣ್ಣ ನಿಂತಿದ್ದಾಗ ಕಾಕಾ, ಇದನ್ನು ಕಡೆಗೆ ಮುಟ್ಟಿದವರು ಯಾರು ಎಂದು ಕೇಳಿದ. ಅಣ್ಣ ನೆಲ ನೋಡುತ್ತ, ನೀಲಾ ನಿನ್ನೆ ಸಂಜೆ ಕೂತಿದ್ದಳು ಎಂದ.

ಆಗ ಕಾಕಾ ಮಾಡಿದ್ದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಅಷ್ಟು ಮಂದಿ ಗಂಡಸರು ಕೂತ ಪಡಸಾಲೆಯ ನಡುವೆ ನಿಂತು, ಅಡುಗೆಮನೆಯ ಕಡೆ ತಿರುಗಿ, ಅವ್ವನನ್ನು ಕೇಳಿದ.

"ವೈನಿ, ಆಕಿ ಹೊರಗ ಅದಾಳೇನು?"

ನನಗೆ ಹದಿನೇಳು ವರ್ಷ. ನನಗೆ ಅಕ್ಷರ ಕಲಿಸಿದ ಹೆಡ್‌ಮಾಸ್ತರು ಅಲ್ಲಿದ್ದರು. ನನ್ನ ಕಾಲೇಜಿನಲ್ಲಿ ಓದುವ ಇಬ್ಬರು ಹುಡುಗರಿದ್ದರು. ಇವರೆಲ್ಲ ನನ್ನ ಮೈಯೊಳಗಿನ ಸುದ್ದಿಗೆ ಕಾಯುತ್ತ ಕೂತರು. ಅವ್ವ ಸುಳ್ಳು ಹೇಳಲಾರದೆ, ಖರೆಯನ್ನೂ ಹೇಳಲಾರದೆ ಸೆರಗಿನ ತುದಿ ಹಿಡಿದುಕೊಂಡು ಸುಮ್ಮನೆ ನಿಂತಳು. ಆ ಸುಮ್ಮನಿರುವಿಕೆಯೇ ಉತ್ತರವಾಯಿತು. ಕಾಕಾ, ನೋಡಿದಿರಾ ಎಂಬಂತೆ ಎಲ್ಲರ ಕಡೆ ಕೈ ತಿರುಗಿಸಿದ. ಅಪ್ಪ ಈಗಲಾದರೂ ಏನಾದರೂ ಅಂದಾರೆಂದು ನಾನು ಅವರ ಮುಖ ನೋಡಿದೆ. ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ ಎಂಬ ಒಂದು ಮಾತು ಸಾಕಿತ್ತು. ಅಪ್ಪ ಅಂದದ್ದು ಬೇರೆ.

"ನೀಲಾ, ನೀ ಒಳಗ ಹೋಗು."

ಹೋದೆ. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಅಳು ಬರಲಿಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯಹತ್ತಿತು. ಪಡಸಾಲೆಗೆ ಬಂದಿದ್ದವರಿಗೆ ಉಪ್ಪಿಟ್ಟು ಕೊಟ್ಟು, ಯಂತ್ರ ಸರಿಯಾದ ಮೇಲೆ ಕರೆಯುತ್ತೇವೆಂದು ಕಳಿಸಿದರು. ಅಣ್ಣ ಹುಬ್ಬಳ್ಳಿಗೆ ಟ್ರಂಕ್ ಕಾಲ್ ಮಾಡಿದ. ರಿಪೇರಿಯವನು ಬರಲು ಎಂಟು ದಿನ ಬೇಕು ಎಂದರಂತೆ. ಮಧ್ಯಾಹ್ನ ಕಾಕಾ ಒಂದು ತಂಬಿಗೆಯಲ್ಲಿ ಗೋಮೂತ್ರ ತಂದು ಕೋಣೆಗೆಲ್ಲ ಚಿಮುಕಿಸಿದ. ಆಯಿ ತನ್ನ ಹಾಸಿಗೆಯ ಮೇಲೆ ಎದ್ದು ಕೂತು, ಕರೆಂಟಿನ ಸಾಮಾನಿನ ಮೇಲೆ ನೀರು ಹಾಕುವವನು ವಿಜ್ಞಾನ ಹೇಳಲು ಬಂದಿದ್ದಾನೆ ಎಂದು ತನ್ನಷ್ಟಕ್ಕೆ ಅಂದಳು. ಅಂದು ಸಂಜೆ ನಾನು ಉಣ್ಣಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ, ಮಾಡಿದ್ದರೆ ಇನ್ನಷ್ಟು ಸಿಟ್ಟಾಗುತ್ತಿದ್ದೆ.

ಮರುದಿನ ಮಧ್ಯಾಹ್ನ ಅಪ್ಪ ಮತ್ತು ಕಾಕಾ ಕೋರ್ಟಿನಲ್ಲಿದ್ದರು. ಅಣ್ಣ ನಾಚಿಕೆಗೋ ಏನೋ ಇಳಕಲ್ಲಿನ ಗೆಳೆಯನ ಮನೆಗೆ ಹೋಗಿದ್ದ. ನಾನು ಪುಸ್ತಕ ತೆಗೆದುಕೊಂಡು ಆ ಕೋಣೆಗೆ ಹೋದೆ. ಆಯಿ ಕೋಲು ಊರಿಕೊಂಡು ಬಂದು ಹೊಸ್ತಿಲ ಮೇಲೆ ಕೂತಳು. ಯಾರಾದರೂ ಬಂದರೆ ತನ್ನನ್ನು ದಾಟಿ ಬರಲಿ ಎಂದಳು. ನಾನು ಮೊದಲು ಸೇವಂತಿಗೆ ತೆಗೆದು ಯಂತ್ರ ಒರೆಸಿದೆ. ಕೊನೆಯ ಪುಟ ತೆರೆದು ಓದಿದೆ. ಗೋಡೆಯಲ್ಲಿ ಕರೆಂಟು ಬರುತ್ತಿದೆಯೇ ನೋಡಿ ಎಂದಿತ್ತು. ಅಪ್ಪನ ಟೇಬಲ್ ಲ್ಯಾಂಪು ತಂದೆ. ಮೇಜು ಎಳೆದು, ಹಿಂದಿನ ಬೋರ್ಡಿನಿಂದ ಸ್ಟೆಬಿಲೈಜರಿನ ಪ್ಲಗ್ಗು ಕಿತ್ತು ಲ್ಯಾಂಪಿನ ಎರಡು ಕಡ್ಡಿಯನ್ನು ಅದರ ಕೆಳಗಿನ ಎರಡು ತೂತಿಗೆ ಹಾಕಿದೆ. ಲ್ಯಾಂಪು ಹತ್ತಿತು. ಅಂದರೆ ಗೋಡೆ ಸರಿ. ಸ್ಟೆಬಿಲೈಜರನ್ನು ಮತ್ತೆ ಗೋಡೆಗೆ ಹಾಕಿದೆ, ಅದರ ಮೂತಿಯ ಕೆಂಪು ದೀಪ ಹತ್ತಿತು. ಅಂದರೆ ಅದಕ್ಕೆ ಕರೆಂಟು ಹೋಗುತ್ತಿದೆ. ನಿನ್ನೆ ಈ ಕೆಂಪು ದೀಪ ನೋಡಿಯೇ ಎಲ್ಲರೂ ಕರೆಂಟು ಇದೆ, ಯಂತ್ರವೇ ಸತ್ತಿದೆ ಎಂದು ತಿಳಿದದ್ದು. ನಾನು ಕಂಪ್ಯೂಟರಿನ ಪ್ಲಗ್ಗು ತೆಗೆದು ಸ್ಟೆಬಿಲೈಜರಿಗೆ ಲ್ಯಾಂಪು ಹಚ್ಚಿದೆ. ಲ್ಯಾಂಪು ಹತ್ತಲಿಲ್ಲ. ಅಲ್ಲಾಡಿಸಿದೆ, ಗಟ್ಟಿಯಾಗಿ ಒತ್ತಿದೆ, ಹತ್ತಲಿಲ್ಲ. ಕರೆಂಟು ಆ ಪೆಟ್ಟಿಗೆಯೊಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಕಂಪ್ಯೂಟರಿಗೆ ಏನೂ ಆಗಿಯೇ ಇರಲಿಲ್ಲ. ಆಯಿಗೆ ಹಾಗೆಂದು ಹೇಳಿದೆ. ಆಕೆ ತಲೆಯಾಡಿಸಿ, ಮುಂದೆ ನೋಡು ಎಂದಳು.

ಗೋಡೆಯಿಂದ ಪ್ಲಗ್ಗು ಕಿತ್ತು ಸ್ಟೆಬಿಲೈಜರನ್ನು ತಿರುಗಿಸಿ ನೋಡಿದೆ. ಹಿಂದೆ ಎರಡು ಸಣ್ಣ ಕರಿ ಮುಚ್ಚಳಗಳಿದ್ದವು. ತಿರುಗಿಸಿದರೆ ಬಿಚ್ಚಿ ಬಂದವು. ಒಂದೊಂದರೊಳಗೆ ಒಂದು ಗಾಜಿನ ಕೊಳವೆ, ಹುಣಸೆ ಬೀಜಕ್ಕಿಂತ ತುಸು ಉದ್ದ. ಒಂದರೊಳಗೆ ಕೂದಲೆಳೆಯಂಥ ತಂತಿ ಕಾಣುತ್ತಿತ್ತು. ಇನ್ನೊಂದು ಒಳಗೆಲ್ಲ ಕಪ್ಪಾಗಿ ಸುಟ್ಟಿತ್ತು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ರೇಡಿಯೋ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಹುಸೇನಸಾಬರು ನಮ್ಮ ಮನೆಯ ರೇಡಿಯೋ ರಿಪೇರಿ ಮಾಡಿಕೊಡುತ್ತಿದ್ದವರು. ಫ್ಯೂಜನ್ನು ಬೆಳಕಿಗೆ ಹಿಡಿದು ನೋಡಿ, ಇದು ಸುಮ್ಮನೆ ಹೋದದ್ದಲ್ಲ ಎಂದರು.

"ಇದಕ್ಕ ಏನ್ ಹಚ್ಚಿದ್ರವಾ? ಇದು ಭಾಳ ಲೋಡ್ ಬಿದ್ದು ಸುಟ್ಟೈತಿ. ಇಸ್ತ್ರಿ ಏನರ ಹಚ್ಚಿದ್ರೇನು?"

ನನಗೆ ಅಣ್ಣನ ಅರ್ಧ ಇಸ್ತ್ರಿಯ ಅಂಗಿ ಕಣ್ಣಿಗೆ ಕಟ್ಟಿತು. ಮೂರು ಕಡ್ಡಿಯ ಪ್ಲಗ್ಗು, ಮನೆಗೆಲ್ಲ ಅದಕ್ಕೆ ಹೊಂದುವ ಒಂದೇ ಕೋಣೆ. ಮೇಜಿನ ಹಿಂದೆ ಕೈ ಹಾಕಲು ಬೇಸರವಾಗಿ, ಎದುರಿಗೆ ಕಾಣುವ ಸ್ಟೆಬಿಲೈಜರಿನಿಂದ ಕಂಪ್ಯೂಟರಿನ ಪ್ಲಗ್ಗು ಕಿತ್ತು ಇಸ್ತ್ರಿಪೆಟ್ಟಿಗೆ ಹಚ್ಚಿದ್ದಾನೆ. ಒಂದು ತೋಳು, ಅರ್ಧ ಎದೆ ಮುಗಿಯುವಷ್ಟರಲ್ಲಿ ಫ್ಯೂಜು ಸುಟ್ಟಿದೆ. ಇಸ್ತ್ರಿ ಆರಿದ್ದು ಅವನಿಗೆ ಗೊತ್ತು. ಗೊತ್ತಿದ್ದೂ ಪ್ಲಗ್ಗು ಮೊದಲಿನಂತೆ ಸಿಕ್ಕಿಸಿ, ಅಂಗಿ ತೊಟ್ಟು, ನನ್ನ ಹೆಸರು ಹೇಳಿದ್ದಾನೆ. ಹುಸೇನಸಾಬರು ಹೊಸ ಫ್ಯೂಜು ಎರಡು ಕೊಟ್ಟರು, ಒಂದು ಈಗ ಹಾಕಲು, ಒಂದು ಇಟ್ಟುಕೊಳ್ಳಲು. ಮನೆಗೆ ಓಡುತ್ತ ಬಂದೆ. ಫ್ಯೂಜು ಕೂರಿಸಿ, ಎಲ್ಲ ಪ್ಲಗ್ಗು ಹಾಕಿ ಗುಂಡಿ ಒತ್ತಿದೆ. ಫ್ಯಾನು ಗುಂಯ್ ಎಂದಿತು, ಪರದೆಯಲ್ಲಿ ಹಸಿರು ಅಕ್ಷರ ಮೂಡಿದವು. ಆಯಿ ಹೊಸ್ತಿಲಿಂದಲೇ ಬಂತೇ ಎಂದು ಕೇಳಿದಳು. ಬಂತು ಎಂದೆ. ಅಷ್ಟಾಗುವಾಗ ನನ್ನ ಮುಟ್ಟು ಮುಗಿದಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಆ ಯಂತ್ರಕ್ಕೆ ಅದರ ಗೊಡವೆ ಇರಲಿಲ್ಲ.

ಮರುದಿನ ಅಣ್ಣ ಇಳಕಲ್ಲಿನಿಂದ ಬಂದು ಊಟಕ್ಕೆ ಕೂತಾಗ, ಅಪ್ಪ ಮತ್ತು ಕಾಕಾನ ಎದುರಿಗೇ, ಸುಟ್ಟ ಫ್ಯೂಜನ್ನು ಅವನ ತಾಟಿನ ಪಕ್ಕ ಇಟ್ಟೆ. ಇಸ್ತ್ರಿ ಹಚ್ಚಿದ್ದು ಹೌದೋ ಅಲ್ಲವೋ ಎಂದು ಕೇಳಿದೆ. ಅಣ್ಣ ತುತ್ತು ಕೈಯಲ್ಲೇ ಹಿಡಿದು, ಹೌದು, ಆದರೆ ಅದರಿಂದ ಕಂಪ್ಯೂಟರು ನಿಲ್ಲುತ್ತದೆಂದು ತನಗೇನು ಗೊತ್ತು ಎಂದ.

"ಅದು ಗೊತ್ತಿರಲಿಲ್ಲ, ಖರೆ. ನಾ ಕೆಡಸಿಲ್ಲ ಅನ್ನೂದು ಗೊತ್ತಿತ್ತಲ್ಲ?"

ಅವನು ತುತ್ತನ್ನು ತಾಟಿಗೆ ಹಾಕಿದ. ಕಾಕಾ, ತಾನು ಶುದ್ಧಿ ಮಾಡಿದ ಮರುದಿನವೇ ಸರಿಹೋಯಿತಲ್ಲ ಎಂದು ಗೊಣಗಿದ. ಅಪ್ಪನ ಮುಖ ಮಾತ್ರ ಅರಳಿತು. ಹುಬ್ಬಳ್ಳಿಯವನನ್ನು ಕಾಯುವುದು ತಪ್ಪಿತು, ಬರುವ ಸೋಮವಾರವೇ ಎಲ್ಲರನ್ನೂ ಮತ್ತೆ ಕರೆಯೋಣ ಎಂದರು. ಜಾಣೆ ಎಂದು ನನ್ನ ತಲೆ ಮುಟ್ಟಲು ಬಂದರು. ನಾನು ಹಿಂದೆ ಸರಿದೆ. ಅವತ್ತು ಯಾರ ಮುಂದೆ ನನ್ನನ್ನು ಒಳಗೆ ಹೋಗು ಎಂದಿರೋ ಅವರ ಮುಂದೆಯೇ ನಿಜ ಹೇಳಬೇಕು ಎಂದೆ. ಅಪ್ಪ ಕೈ ತೊಳೆದು, ಟವೆಲ್ಲಿನಿಂದ ಒರೆಸಿಕೊಂಡು, ನಿಧಾನವಾಗಿ ಅಂದರು.

"ಶುರು ಆತಲ್ಲ, ಇನ್ನ ಆ ಮಾತು ಯಾಕ? ನಾಳೆ ಕಲಿಸಾಂವ ಅಂವ. ಹುಡುಗೂರ ಮುಂದ ಅಂವನ ಮಾನ ಏನಾಗಬೇಕು?"

ಅಣ್ಣನ ಮಾನ. ನನ್ನದು ಪಡಸಾಲೆಯಲ್ಲಿ ಹೋದದ್ದು ಯಾರಿಗೂ ಕಾಣಲೇ ಇಲ್ಲ. ಆ ದಿನದಿಂದ ನಾನು ಟೈಪು ಹೊಡೆಯುವುದನ್ನು ನಿಲ್ಲಿಸಿದೆ. ಜಗಳವಾಡಲಿಲ್ಲ, ಕೂಗಲಿಲ್ಲ. ರೊಟ್ಟಿಗೆ ಹಿಟ್ಟು ನಾದುವಾಗ ನಾದಿದೆ, ಕಸ ಗುಡಿಸಿದೆ. ಕನ್ನಡ ಮಷಿನ್ನಿನ ಮುಂದೆ ಮಾತ್ರ ಕೂರಲಿಲ್ಲ. ಅಪ್ಪನ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು, ವಕೀಲರ ಅಕ್ಷರ ಓದಲಾಗುತ್ತಿರಲಿಲ್ಲ. ಅಣ್ಣ ಕೂತ. ಒಂದು ದಾವೆಯಲ್ಲಿ ವಾದಿ ಇದ್ದಲ್ಲೆಲ್ಲ ಪ್ರತಿವಾದಿ ಎಂದು ಹೊಡೆದ. ಹೊಲ ಕಳೆದುಕೊಂಡವನೇ ಹೊಲ ಕಸಿದುಕೊಂಡವನಾದ. ಆ ಹಿರಿಯ ವಕೀಲರು ಕಾಗದವನ್ನು ಜಮಖಾನೆಯ ಮೇಲೆ ಎಸೆದು, ಇಷ್ಟು ದಿನ ಹೊಡೆಯುತ್ತಿದ್ದ ಕೈ ಎಲ್ಲಿ ಹೋಯಿತು ಎಂದು ಕೇಳಿದರು. ಅಪ್ಪ, ಮಗಳಿಗೆ ಮೈ ಸರಿಯಿಲ್ಲ ಎಂದರು. ಅಡುಗೆಮನೆಯಲ್ಲಿ ಕೂತಿದ್ದ ನನಗೆ ಅದು ಕೇಳಿಸಿತು. ಮತ್ತೆ ನನ್ನ ಮೈಯೇ. ಇವರು ಮಾಡುವ ಎಲ್ಲದಕ್ಕೂ ನನ್ನ ಮೈಯನ್ನೇ ಮುಂದೆ ಒಡ್ಡುತ್ತಾರಲ್ಲ ಎಂದು ಲಟ್ಟಣಿಗೆಯನ್ನು ಕುಟ್ಟಿದ ರಭಸಕ್ಕೆ ಮಣೆಯ ಅಂಚು ಸೀಳಿತು. ಅವ್ವ ಆ ಮಣೆಯನ್ನು ನೋಡಿದಳು, ನನ್ನನ್ನು ನೋಡಿದಳು, ಎತ್ತಿ ಬದಿಗಿಟ್ಟಳು.

ಸೋಮವಾರ ಅದೇ ಮಂದಿ ಬಂದರು. ಅದೇ ಜಮಖಾನೆ, ಅದೇ ಸೇವಂತಿಗೆ. ಈ ಸಲ ಅಣ್ಣನ ಅಂಗಿಯನ್ನು ಇಸ್ತ್ರಿ ಅಂಗಡಿಗೆ ಕೊಟ್ಟು ತಂದಿದ್ದರು. ಹೆಡ್‌ಮಾಸ್ತರು ಕೂತವರೇ, ಅಂದು ಯಂತ್ರಕ್ಕೆ ಏನಾಗಿತ್ತು ಎಂದು ಕೇಳಿದರು. ಅಪ್ಪ ಮಾತು ಹುಡುಕುವಷ್ಟರಲ್ಲಿ ಕಾಕಾ, ಕೋಣೆ ಶುದ್ಧಿ ಮಾಡಿದೆವು, ತಾನೇ ಸರಿಹೋಯಿತು ಎಂದುಬಿಟ್ಟ. ಅಪ್ಪ ಅಲ್ಲವೆನ್ನಲಿಲ್ಲ. ಅಣ್ಣ ಯಂತ್ರದ ಬಟ್ಟೆ ತೆಗೆಯತೊಡಗಿದ. ನಾನು ಇನ್ನು ತಡೆಯಲಾರದೆ ಏಳಬೇಕೆನ್ನುವಾಗ ಅವ್ವ ನನ್ನ ಭುಜದ ಮೇಲೆ ಕೈ ಒತ್ತಿ ಕೂರಿಸಿದಳು. ಒತ್ತಿ, ತಾನು ಎದ್ದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಪಡಸಾಲೆಗೆ ನಡೆದಳು. ಕೂತವರೆಲ್ಲ ಆಕೆಯ ಕಡೆ ತಿರುಗಿದರು. ಅವ್ವನ ದನಿ ಎಲ್ಲರಿಗೂ ಕೇಳುವಷ್ಟಿತ್ತು.

"ಶುದ್ಧಿ ಮಾಡಿ ಸರಿ ಹೋಗಿಲ್ಲರಿ. ನನ್ನ ಮಗಾ ಇಸ್ತ್ರಿ ಹಚ್ಚಿ ಫ್ಯೂಜ್ ಸುಟ್ಟಿದ್ದ. ನನ್ನ ಮಗಳು ಹುಡುಕಿ ಹೊಸಾದು ಹಾಕ್ಯಾಳ. ಆವತ್ತ ಕೇಳಿದ್ರಲ್ಲ, ಆಕಿ ಹೊರಗ ಅದಾಳೇನು ಅಂತ. ಹೌದು, ಇದ್ಳು. ಇವತ್ತ ನಾ ಅದೀನಿ. ಏನಾಗತೈತಿ ನೋಡ್ರಿ."

ಅಷ್ಟು ಹೇಳಿ ಕೋಣೆಗೆ ಹೋಗಿ ಅಣ್ಣನನ್ನು ಸರಿಸಿ, ಹಿಟ್ಟು ಮೆತ್ತಿದ್ದ ಬೆರಳಿನಿಂದ ಗುಂಡಿ ಒತ್ತಿದಳು. ಯಾವ ಗುಂಡಿ ಎಂದು ಆಕೆಗೆ ಹೇಗೆ ಗೊತ್ತಾಯಿತೋ, ಯಾವಾಗ ನೋಡಿಟ್ಟುಕೊಂಡಿದ್ದಳೋ ನಾನು ಕಾಣೆ. ಫ್ಯಾನು ತಿರುಗಿತು. ಪರದೆ ಬೆಳಗಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಲಾರದೆ ಎಲ್ಲರೂ ಆ ಹಸಿರು ಅಕ್ಷರಗಳನ್ನೇ ನೋಡುತ್ತ ಕೂತರು. ಕಾಕಾ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ, ಆಮೇಲೆ ಎರಡು ತಿಂಗಳು ನಮ್ಮಲ್ಲಿ ಉಣ್ಣಲಿಲ್ಲ. ಹೆಡ್‌ಮಾಸ್ತರು, ನೀಲಾ ಎಲ್ಲಿ, ಕರೆಯಿರಿ ಎಂದರು. ಅಪ್ಪ ಕರೆಯಲಿಲ್ಲ. ತಾವೇ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು, ನನ್ನ ಮುಖ ನೋಡಲಾರದೆ ಚೌಕಟ್ಟು ಹಿಡಿದು ನಿಂತರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ಸಾಯುವವರೆಗೂ ಬರಲಿಲ್ಲ. ನಾನು ಅವರನ್ನು ದಾಟಿ ಹೊರಗೆ ಹೋಗಿ, ಆ ಎಂಟು ಹುಡುಗರಿಗೆ ಯಂತ್ರ ಶುರುವಾಗದಿದ್ದರೆ ಎಲ್ಲಿಂದ ನೋಡಿಕೊಂಡು ಬರಬೇಕೆಂದು ಗೋಡೆಯಿಂದ ಹಿಡಿದು ತೋರಿಸಿದೆ. ಮರುದಿನ ಬೆಳಿಗ್ಗೆ ಆ ದಾವೆಯ ಕಾಗದವನ್ನೂ ಹೊಡೆದುಕೊಟ್ಟೆ. ಅದು ವಾದಿಯ ಸಲುವಾಗಿ, ಅಪ್ಪನ ಸಲುವಾಗಿ ಅಲ್ಲ.

ನನಗೂ ಮಕ್ಕಳಾಗಿ, ಅವ್ವನಿಗೆ ಕೂದಲೆಲ್ಲ ಬೆಳ್ಳಗಾದ ಮೇಲೆ, ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಆ ಸೋಮವಾರದ ಮಾತು ಬಂತು. ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. ಅಂದು ನಿಜವಾಗಿಯೂ ನೀನು ಹೊರಗಾಗಿದ್ದೆಯಾ, ಅಥವಾ ನನ್ನ ಸಲುವಾಗಿ ಹಾಗೆ ಹೇಳಿದೆಯಾ ಎಂದೆ. ಅವ್ವ ಕೈಯಲ್ಲಿದ್ದ ಕಾಯಿ ಸುಲಿದು, ಕಾಳು ಬುಟ್ಟಿಗೆ ಹಾಕಿ, ಸಿಪ್ಪೆ ಆಚೆ ಎಸೆದು, ನನ್ನ ಕಡೆ ತಿರುಗಿದಳು. ಆಕೆಯ ಮುಖದಲ್ಲಿ ಅಷ್ಟು ಸಿಟ್ಟನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಅದನ್ನ ಅವರೂ ಕೇಳಬಾರದಿತ್ತು. ನೀನೂ ಕೇಳಬ್ಯಾಡ."